ಮದ್ದನ್ನು ಹುಡುಕುವ ಹೊಣೆ

ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತೆಂದು ಅಲ್ಲಾಹನನ್ನು ಸ್ತುತಿಸಿದ ಕುಟುಂಬವೇ, ಆಸ್ಪತ್ರೆಯಲ್ಲಿ ತಗಲಿದ ಸೋಂಕಿನಿಂದಾಗಿ ವಾರದೊಳಗೆ ಜನಾಝಕ್ಕೆ ಸಿದ್ಧವಾಗುವುದನ್ನು ನಮ್ಮ ಜಮಾಅತ್‌ಗಳಲ್ಲಿ ನಾವು ಕಾಣುತ್ತೇವೆ. ವಿಧಿಯೆಂದು ಸಹನೆ ತಾಳುತ್ತೇವೆ. ಆ ಸಹನೆ ಈಮಾನಿನ ಭಾಗವೇ ಹೌದು. ಆದರೆ ಮದ್ದಿಲ್ಲದ ರೋಗವನ್ನು ಅಲ್ಲಾಹನು ಇಳಿಸಿಲ್ಲವೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ವಿಧಿಯನ್ನು ನಂಬಿದವನು ಮದ್ದನ್ನು ಹುಡುಕುವ ಹೊಣೆಯಿಂದ ಮುಕ್ತನಲ್ಲ.

1847ರಲ್ಲಿ ವಿಯೆನ್ನಾದ ಆಸ್ಪತ್ರೆಯೊಂದರಲ್ಲಿ ಬಾಣಂತಿಯರು ಜ್ವರದಿಂದ ಸಾಯುತ್ತಿದ್ದಾಗ, ಶವಪರೀಕ್ಷೆ ಮಾಡಿ ಬಂದ ವೈದ್ಯರ ಕೈಗಳೇ ಅದಕ್ಕೆ ಕಾರಣವೆಂದು ಸೆಮ್ಮೆಲ್‌ವೈಸ್ ಎಂಬ ವೈದ್ಯರು ಕಂಡುಕೊಂಡರು. ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವ ನಿಯಮ ಬಂದೊಡನೆ ಸಾವುಗಳು ತೀವ್ರವಾಗಿ ಇಳಿದವು. ವುಝೂವಿನ ಮಹತ್ವವನ್ನರಿತ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಇಂದು ಸಮಸ್ಯೆ ಇನ್ನಷ್ಟು ಜಟಿಲವಾಗಿದೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನರು ಮೃತಪಟ್ಟರೆಂದು ತಜ್ಞರು ಅಂದಾಜಿಸಿದ್ದಾರೆ. ಹೊಸ ಆ್ಯಂಟಿಬಯಾಟಿಕ್ ಬೇಕು. ಆದರೆ ಅದರ ಶಕ್ತಿ ಉಳಿಯಬೇಕಾದರೆ ಅದನ್ನು ಮಿತವಾಗಿ ಬಳಸಬೇಕು. ಮಿತವಾಗಿ ಬಳಸಿದರೆ ತಯಾರಕರಿಗೆ ಲಾಭವಿಲ್ಲ. 2018ರಲ್ಲಿ ಇಂಥದೊಂದು ಔಷಧಕ್ಕೆ ಅನುಮತಿ ಪಡೆದ ಅಮೆರಿಕದ ಅಕೇಯೋಜೆನ್ ಕಂಪೆನಿಯು ಮರುವರ್ಷವೇ ದಿವಾಳಿಯಾಯಿತು. ಲಾಭದ ಲೆಕ್ಕ ಸೋತಲ್ಲಿ ಸಾರ್ವಜನಿಕ ಹಣವೇ ಆಸರೆ. ಬೆಂಗಳೂರಿನ ಬಗ್‌ವರ್ಕ್ಸ್ ಸಂಸ್ಥೆಯ ಔಷಧ ಸಂಶೋಧನೆಗೂ ಕಾರ್ಬ್-ಎಕ್ಸ್ ಎಂಬ ಯೋಜನೆಯ ಮೂಲಕ ಇಂತಹ ನೆರವು ದೊರೆತಿದೆ.

ನಮ್ಮ ಪರಂಪರೆಗೆ ಇದು ಹೊಸತಲ್ಲ. ಹದಿಮೂರನೆಯ ಶತಮಾನದಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಯು ವಕ್ಫ್ ಆದಾಯದಿಂದ ನಡೆಯುತ್ತಿತ್ತು. ಶ್ವಾಸಕೋಶದ ರಕ್ತಪರಿಚಲನೆಯನ್ನು ವಿವರಿಸಿದ ಇಬ್ನು ನಫೀಸ್‌ರು ತಮ್ಮ ಮನೆಯನ್ನೂ ಗ್ರಂಥಗಳನ್ನೂ ಅದಕ್ಕೇ ಬಿಟ್ಟುಹೋದರು. ಹಾಸಿಗೆಯ ಜೊತೆಗೆ ಜ್ಞಾನವೂ ರೋಗಿಯ ಹಕ್ಕೆಂಬುದನ್ನು ಅವರು ಬಲ್ಲವರಾಗಿದ್ದರು.

ರೋಗಿಯೊಬ್ಬರ ಬಿಲ್ಲಿಗಾಗಿ ಜುಮುಅದ ಬಳಿಕ ನಾವು ಉದಾರವಾಗಿ ನೀಡುತ್ತೇವೆ. ಅವರ ಮುಖ ನಮಗೆ ಗೊತ್ತು. ಸಂಶೋಧನೆಯಿಂದ ಬದುಕುವವರ ಮುಖವನ್ನು ನಾವೆಂದೂ ಕಾಣಲಾರೆವು. ಸದಕಾ ಜಾರಿಯಾದ ಸ್ವಭಾವವೇ ಅದಲ್ಲವೇ? ಸಮಾಜದ ಯಾರೊಬ್ಬರೂ ವಹಿಸದಿದ್ದರೆ ಎಲ್ಲರೂ ಹೊಣೆಗಾರರಾಗುವ ಫರ್ಝ್ ಕಿಫಾಯಃವೂ ಇದೇ. ಆದ್ದರಿಂದ ಮತ ಕೇಳಲು ಬರುವವರಲ್ಲಿ ರಸ್ತೆ, ಚರಂಡಿಗಳ ಜೊತೆಗೆ ಇದನ್ನೂ ಕೇಳೋಣ: ನಮ್ಮ ತೆರಿಗೆಯಲ್ಲಿ ಸೋಂಕಿನ ಸಂಶೋಧನೆಗೆ ಸಲ್ಲುವ ಪಾಲೆಷ್ಟು? ನಮ್ಮ ಮಕ್ಕಳಲ್ಲಿ ಕೆಲವರನ್ನಾದರೂ ಪ್ರಯೋಗಾಲಯದತ್ತ ಪ್ರೋತ್ಸಾಹಿಸೋಣ.

ರೋಗಿಗಳಿಗೆ ಶಿಫಾ ನೀಡಿ, ಮದ್ದನ್ನು ಅರಸುವವರಿಗೆ ದಾರಿ ತೋರಲಿ ಆ ಕರುಣಾಮಯನು. ಆಮೀನ್.