ಕಡಲ ಗುಡ್ಡದ ಮೇಲೆ ಎರಡು ರಾತ್ರಿ

ನಮ್ಮ ರಾಯಚೂರು ಸೀಮೆಯವರಿಗೆ ನೀರೆಂದರೆ ಹೊಳೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವೆ ನಾವು ಮತ್ತು ನಮ್ಮ ಬಿಸಿಲು. ಮಾನ್ವಿಯಲ್ಲಿ ಹುಟ್ಟಿ, ರಾಯಚೂರಿನಲ್ಲಿ ಓದಿ, ದೇವದುರ್ಗ ತಾಲೂಕಿನ ಹಳ್ಳಿಯೊಂದರಲ್ಲಿ ಸಮಾಜ ಪಾಠ ಹೇಳುತ್ತಿದ್ದ ನಾನು ಅರಬ್ಬೀ ಸಮುದ್ರವನ್ನು ನಕಾಶೆಯ ಮೇಲೆ ಕೋಲಿಟ್ಟು ತೋರಿಸಿದ್ದಕ್ಕೆ ಲೆಕ್ಕವಿಲ್ಲ. ಕಣ್ಣಾರೆ ಕಂಡದ್ದು ಮಾತ್ರ 2017ರ ಡಿಸೆಂಬರಿನಲ್ಲಿ, ಒಂಬತ್ತನೆಯ ತರಗತಿಯ 22 ಹುಡುಗಿಯರೊಂದಿಗೆ ಗೋಕರ್ಣಕ್ಕೆ ಹೋದಾಗ.

ಲಿಂಗಸುಗೂರು, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಅರ್ಧ ಬಸ್ಸಿಗೆ ವಾಂತಿ. ಇನ್ನರ್ಧ ಲಿಂಬೆಹಣ್ಣು ಮೂಸುತ್ತ ಕುಳಿತಿತ್ತು. ಮಹಾಬಲೇಶ್ವರನ ದರ್ಶನ, ಕೋಟಿತೀರ್ಥ ಎಲ್ಲ ಮುಗಿಸಿದೆವು. ಲಾಡ್ಜಿನ ಬಾಡಿಗೆ ನಮಗೆ ನಿಲುಕುವಂತಿರಲಿಲ್ಲ. ಕುಡ್ಲೆ ತೀರಕ್ಕೂ ಓಂ ತೀರಕ್ಕೂ ನಡುವಿನ ಕೆಂಪು ಚಿರೇಕಲ್ಲಿನ ಗುಡ್ಡದ ಮೇಲೆ ಒಬ್ಬರು ಡೇರೆ ಹಾಕಿಕೊಳ್ಳಲು ಜಾಗ ಕೊಡುತ್ತಾರೆಂದು ತಿಳಿದು ಅಲ್ಲಿಗೇ ಹೋದೆವು. ಕೆಳಗೆ ಸಮುದ್ರ ಬಂಡೆಗೆ ಬಡಿಯುತ್ತಿತ್ತು. ಹುಡುಗಿಯರು ಐದು ನಿಮಿಷ ಮಾತೇ ಆಡಲಿಲ್ಲ. ಅಷ್ಟು ಶಿಸ್ತನ್ನು ನಾನು ತರಗತಿಯಲ್ಲಿ ಎಂದೂ ಕಂಡಿರಲಿಲ್ಲ.

“ಟೀಚರ್, ನಮ್ಮ ಹೊಳಿ ಇಲ್ಲಿಗೇ ಬರ್ತೈತೇನ್ರಿ?” ಎಂದು ಒಬ್ಬಳು ಕೇಳಿದಳು. ಇಲ್ಲ. ಕೃಷ್ಣೆ ಹುಟ್ಟುವುದು ಮಹಾರಾಷ್ಟ್ರದ ಮಹಾಬಲೇಶ್ವರದ ಹತ್ತಿರ, ಇದೇ ಸಮುದ್ರದಿಂದ ಸುಮಾರು 64 ಕಿಲೋಮೀಟರ್ ದೂರದಲ್ಲಿ. ಆದರೂ ಈ ಕಡೆಗೆ ಬೆನ್ನು ಮಾಡಿ, ಮೂಡಣಕ್ಕೆ ಸುಮಾರು 1,400 ಕಿಲೋಮೀಟರ್ ನಡೆದು ಬಂಗಾಳ ಕೊಲ್ಲಿ ಸೇರುತ್ತಾಳೆ ಎಂದೆ.

“ಹಂಗಾದ್ರ ಹೊಳೀನೂ ಗುಳೆ ಹೋಗೈತಿ ಬಿಡ್ರಿ” ಎಂದಳು ಅವಳು. ಎಲ್ಲರೂ ನಕ್ಕರು. ನನಗೆ ಪೂರ್ತಿ ನಗಲಾಗಲಿಲ್ಲ.

ಡೇರೆ ಕಟ್ಟುವಾಗ ಕಾರಣ ತಿಳಿಯಿತು. ಗಾಳಿಗೆ ನಮ್ಮ ಡೇರೆಗಳು ಒಂದೊಂದಾಗಿ ಮಗುಚುತ್ತಿದ್ದವು. ಈ ಹುಡುಗಿ ಮಾತ್ರ ಗಾಳಿಗೆ ಬೆನ್ನಾಗುವಂತೆ ಬಾಗಿಲು ತಿರುಗಿಸಿ, ಗೂಟ ಇಳಿಯದ ಕಡೆ ಹಗ್ಗವನ್ನು ದೊಡ್ಡ ಕಲ್ಲಿಗೆ ಸುತ್ತಿ ಬಿಗಿದಳು. ಎಲ್ಲಿ ಕಲಿತೆ ಎಂದೆ. “ಬೆಂಗಳೂರಾಗ್ರಿ. ಬಿಲ್ಡಿಂಗ್ ಕೆಲಸದ ಹತ್ರ ತಾಡಪಾಲ ಕಟ್ಟಿ ಇರ್ತೀವಲ್ರಿ” ಎಂದಳು. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆಯಿಂದ ಸಂಸಾರ ಸಮೇತ ಗುಳೆ ಹೋಗುವವರು ಎಷ್ಟೋ ಮಂದಿ. ಮಿಕ್ಕ ಹುಡುಗಿಯರಿಗೆ ಹಬ್ಬವಾಗಿದ್ದ ಡೇರೆ ಅವಳಿಗೆ ವರುಷದ ನಾಲ್ಕು ತಿಂಗಳ ಮನೆ.

ಗುಡ್ಡದ ಮೇಲೆ ಒಂದು ಜನರಲ್ ಸ್ಟೋರ್ ಇತ್ತು. ಬಿಸ್ಕತ್ತು, ಮೇಣದಬತ್ತಿ, ನೀರಿನ ಬಾಟಲಿ, ಕಪ್ಪೆಚಿಪ್ಪಿನ ಸರ, ನೈಲಾನ್ ಹಗ್ಗ, ಎಲ್ಲವೂ ಒಂದೇ ಗೂಡಿನಲ್ಲಿ. ಅಂಗಡಿಯ ಅಮ್ಮ “ಎಂತ ಬೇಕು?” ಎಂದರೆ ನಮ್ಮವರಿಗೆ ಕಿಲಕಿಲ ನಗು. “ಏನೈತ್ರಿ?” ಎಂದು ಇವರು ಕೇಳಿದರೆ ಆಕೆಗೂ ನಗು. ಎದುರಿಗೆ ಅಷ್ಟು ದೊಡ್ಡ ಸಮುದ್ರವಿದ್ದೂ ಕುಡಿಯುವ ನೀರಿಗೆ ದುಡ್ಡು ಕೊಡಬೇಕೆಂಬುದು ಹುಡುಗಿಯರಿಗೆ ವಿಚಿತ್ರವೆನಿಸಿತು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆಂದು ಹೇಳಿದೆ. ಹತ್ತಿರದ ಸಾಣಿಕಟ್ಟೆಯಲ್ಲಿ ಆ ನೀರನ್ನೇ ಗದ್ದೆಗೆ ಹಾಯಿಸಿ, ಬಿಸಿಲಿಗೆ ಆರಿಸಿ ಉಪ್ಪು ತೆಗೆಯುತ್ತಾರೆ. “ಬಿಸಿಲು ನಮ್ಮಲ್ಲಿ, ನೀರು ಇಲ್ಲಿ. ದೇವರು ಹಂಚೋದ್ರಾಗ ಗಡಿಬಿಡಿ ಮಾಡ್ಯಾನ್ರಿ” ಎಂದಳು ಮತ್ತೊಬ್ಬಳು.

ಹೊರಡುವ ದಿನ ಎಲ್ಲರೂ ಕಪ್ಪೆಚಿಪ್ಪಿನ ಸರ ಕೊಂಡರು. ಈ ಹುಡುಗಿ ಮಾತ್ರ ತನ್ನ ದುಡ್ಡಿಗೆ ಬಂದಷ್ಟು ಹಗ್ಗ ಅಳೆಸಿಕೊಂಡಳು. ಯಾಕೆಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಅವಳ ಮನೆಗೆ ಹೋದೆ. ಗಂಟು ಕಟ್ಟುವುದು ನಡೆದಿತ್ತು. “ಒಲಿ ನೋಡಿಕೊಳ್ಳಾಕ ಒಂದು ಹೆಣ್ಣು ಬೇಕಲ್ರಿ ಟೀಚರ್” ಎಂದಳು ತಾಯಿ. ಸುಳ್ಳಲ್ಲ, ಗಾರೆ ಕೆಲಸದಿಂದ ಬಂದವರಿಗೆ ರೊಟ್ಟಿ ಸುಡುವವರು ಯಾರು? ನಾನು ಭಾಷಣ ಮಾಡಲಿಲ್ಲ. ಅಜ್ಜಿಯ ಪಕ್ಕ ಕುಳಿತು, ಹತ್ತನೆಯ ತರಗತಿಗೆ ಇನ್ನೊಂದೇ ವರುಷ, ಈಗ ಬಿಟ್ಟರೆ ಮತ್ತೆ ಶಾಲೆಗೆ ಬರುವುದು ಕಷ್ಟ ಎಂದಷ್ಟೇ ಹೇಳಿದೆ. ಅಜ್ಜಿ ಬಹಳ ಹೊತ್ತು ಎಲೆ ಅಡಿಕೆ ಅಗಿದು, “ನನ್ನ ಹತ್ರ ಇರ್ಲಿ ಬಿಡು, ರಾತ್ರಿ ನನಗೂ ಒಂದು ಜೀವ ಬೇಕು” ಎಂದಳು.

ಹಗ್ಗ ಬೆಂಗಳೂರಿಗೆ ಹೋಯಿತು, ಹುಡುಗಿ ಹೋಗಲಿಲ್ಲ. 2019ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದಳು. ಆದರೆ ಆ ಜನವರಿಯಲ್ಲಿ ಒಲೆ ನೋಡಿಕೊಳ್ಳಲು ಅವಳ ಬದಲು ಆರನೆಯ ತರಗತಿಯ ತಮ್ಮ ಹೋದ. ಯುಗಾದಿಯವರೆಗೂ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ದಿನವೂ ಗೈರು ಎಂದು ಬರೆದವಳೂ ನಾನೇ.