ಜಯಪುರದ ಮಳೆ, ಎರಡು ಮಕ್ಕಳು

ಜಯಪುರ ಎಂದೊಡನೆ ನಿಮ್ಮಲ್ಲಿ ಕೆಲವರಿಗೆ ರಾಜಸ್ಥಾನದ ಅರಮನೆ, ಒಂಟೆ, ಗುಲಾಬಿ ಬಣ್ಣದ ಗೋಡೆಗಳು ಕಣ್ಣ ಮುಂದೆ ಬರಬಹುದು. ನನ್ನ ಮದುವೆ ಗೊತ್ತಾದಾಗ ದಾವಣಗೆರೆಯಲ್ಲಿದ್ದ ನನ್ನ ತಂಗಿಗೂ ಹಾಗೇ ಆಗಿತ್ತು. "ಅಕ್ಕಾ, ಅಷ್ಟು ದೂರ ಹೋಗ್ತೀಯಾ?" ಎಂದು ಅತ್ತೇಬಿಟ್ಟಳು! ನಮ್ಮ ಜಯಪುರದಲ್ಲಿ ಒಂಟೆಯೂ ಇಲ್ಲ, ಮರಳೂ ಇಲ್ಲ. ಬಾಳೆಹೊನ್ನೂರಿನಲ್ಲಿ ಭದ್ರೆಯನ್ನು ದಾಟಿ ಶೃಂಗೇರಿಯ ತುಂಗೆಯ ಕಡೆಗೆ ಹೊರಟರೆ ನಡುವೆ ಸಿಗುವ ಊರು ಇದು, ಕೊಪ್ಪ ತಾಲ್ಲೂಕಿಗೆ ಸೇರಿದ್ದು. ಸುತ್ತ ಅಡಿಕೆ, ಕಾಫಿ, ಗುಡ್ಡ. ಮೇಲಿನಿಂದ ಮಳೆ.

ಮಳೆ ಅಂದರೆ ಎಂಥಾ ಮಳೆ ಅಂತೀರಿ? ನಾನು ಮದುವೆಯಾಗಿ ಬಂದದ್ದು 2019ರ ಮೇ ತಿಂಗಳಲ್ಲಿ. ಅದೇ ಆಗಸ್ಟಿನಲ್ಲಿ, ಆಶ್ಲೇಷ ಮಳೆ ಹಿಡಿದಾಗ, ಮಲೆನಾಡಿನ ಎಷ್ಟೋ ಕಡೆ ಗುಡ್ಡ ಕುಸಿಯಿತು. ನಮಗೆ ಕರೆಂಟಿಲ್ಲ, ಫೋನಿಲ್ಲ. ಬಯಲುಸೀಮೆಯ ಹುಡುಗಿ ನಾನು ಜಗುಲಿಯಲ್ಲಿ ಕೂತು ಬಿಕ್ಕುತ್ತಿದ್ದೆ. ಅತ್ತೆ ಮಾತ್ರ ಹಲಸಿನ ಹಪ್ಪಳ ಸುಟ್ಟು ತಂದು ಕೈಗಿಟ್ಟು, "ಮಳೆ ನಿಲ್ಲತ್ತೆ ಮಾರಾಯ್ತಿ, ತಿನ್ನು" ಎಂದರು.

ಈಗ ನನಗೆ ಇಬ್ಬರು ಮಕ್ಕಳು. ಪುಟ್ಟಿಗೆ ಐದು ತುಂಬಿ ಆರು ನಡೆಯುತ್ತಿದೆ, ಚಿಕ್ಕವನಿಗೆ ಮೂರು. ಮಳೆಗಾಲದಲ್ಲಿ ಇಬ್ಬರ ಬಟ್ಟೆ ಒಣಗಿಸುವುದೇ ಒಂದು ಉದ್ಯೋಗ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ದೊಡ್ಡ ಬಟ್ಟೆ, ಬೂದಿ ಮುಚ್ಚಿದ ಕೆಂಡದ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಚಿಕ್ಕ ಬಟ್ಟೆ. (ಹತ್ತಿರವೇ ಕೂತು ಕಾಯಬೇಕು, ನೆನಪಿರಲಿ. ಹಾಲು ಉಕ್ಕಿತೆಂದು ಓಡಿ ನಾನೊಂದು ಸ್ವೆಟರು ಸುಟ್ಟಿದ್ದೇನೆ.) ನಮ್ಮ ಮಕ್ಕಳ ಮೈಯೆಲ್ಲ ಹೊಗೆ ವಾಸನೆ. ಮೊದಮೊದಲು ನಾಚಿಕೆಯಾಗುತ್ತಿತ್ತು, ಈಗ ತವರಿಗೆ ಹೋದಾಗ ಆ ವಾಸನೆ ಇಲ್ಲದಿದ್ದರೆ ಮಕ್ಕಳು ನನ್ನವಲ್ಲವೇನೋ ಅನಿಸುತ್ತದೆ.

ಇನ್ನು ಉಂಬಳ! ಅಂಗಳಕ್ಕಿಳಿದು ಬಂದರೆ ಕಾಲು ಪರೀಕ್ಷೆ ಆಗಲೇಬೇಕು. ಕಚ್ಚಿದ್ದನ್ನು ಎಳೆದು ಕೀಳಬಾರದು, ಒಂದು ಚಿಟಿಕೆ ಉಪ್ಪು ಸಾಕು, ತಾನೇ ಉದುರುತ್ತದೆ. ಮೊದಲ ಸಲ ಚಿಕ್ಕವನ ಬೆರಳ ಸಂದಿಯಲ್ಲಿ ರಕ್ತ ಕಂಡು ನಾನು ಕಿರುಚಿದರೆ, ಪುಟ್ಟಿ ಅಡುಗೆ ಮನೆಯಿಂದ ಉಪ್ಪಿನ ಭರಣಿಯನ್ನೇ ಎತ್ತಿಕೊಂಡು ಬಂದಿದ್ದಳು. ಕೆಸುವಿನೆಲೆ ಕೊಯ್ಯಲು ಅಜ್ಜಿಯ ಹಿಂದೆ ಹೋಗುವವಳೂ ಅವಳೇ. ಪತ್ರೊಡೆಗೆ ಹುಣಸೆಹುಳಿ ಕಮ್ಮಿಯಾದರೆ ಗಂಟಲು ತುರಿಸುತ್ತದೆಂದು ನನಗೇ ಪಾಠ ಹೇಳುತ್ತಾಳೆ.

ಇಂಥ ಪುಟ್ಟಿಯನ್ನು ದಾವಣಗೆರೆಗೆ ಕಳಿಸುವುದೋ ಬೇಡವೋ ಎನ್ನುವುದೇ ವರ್ಷದಿಂದ ನನ್ನ ತಲೆ ತಿನ್ನುತ್ತಿರುವ ಪ್ರಶ್ನೆ. ಬರುವ ಜೂನಿಗೆ ಒಂದನೇ ತರಗತಿ. "ಇಲ್ಲೇ ಬಿಡೇ, ದೊಡ್ಡ ಶಾಲೆ ಇದೆ, ಬಾಗಿಲಿಗೇ ವ್ಯಾನ್ ಬರತ್ತೆ, ನಾನು ನೋಡಿಕೊಳ್ತೀನಿ" ಎಂದು ಅಮ್ಮ ವಾರಕ್ಕೊಮ್ಮೆ ಫೋನಿನಲ್ಲಿ. ಅಮ್ಮನ ಮಾತು ಸುಳ್ಳಲ್ಲ. ನಮ್ಮ ಮನೆ ಜಯಪುರ ಪೇಟೆಯಿಂದ ಮೂರು ಕಿಲೋಮೀಟರು ಒಳಗೆ. ಆ ಮೂರು ಕಿಲೋಮೀಟರು ಮಳೆಗಾಲದಲ್ಲಿ ಎಂಥದ್ದೆಂದು ಬಂದು ನೋಡಬೇಕು.

ಹಿಂದೆ ಸಹಕಾರ ಸಾರಿಗೆಯ ಬಸ್ಸುಗಳಿದ್ದವು. ಕೊಪ್ಪದಲ್ಲಿ ಬಸ್ಸಿನ ಕೆಲಸಗಾರರೇ ಸೇರಿ 1991ರಲ್ಲಿ ಕಟ್ಟಿಕೊಂಡ ಸಂಸ್ಥೆ. ಡ್ರೈವರು, ಕಂಡಕ್ಟರುಗಳೇ ಮಾಲೀಕರು! ಶಾಲೆಯ ಮಕ್ಕಳಿಗೆ ರಿಯಾಯಿತಿ ಪಾಸು ಕೊಡುತ್ತಿದ್ದರು, ನಮ್ಮವರು ಓದಿದ್ದೂ ಆ ಪಾಸಿನಲ್ಲೇ. ನನಗೆ ಆ ಬಸ್ಸಿನ ಭಾಗ್ಯ ಒಂಬತ್ತೇ ತಿಂಗಳು. ಪುಟ್ಟಿ ಹೊಟ್ಟೆಯಲ್ಲಿದ್ದಾಗ ಕಂಡಕ್ಟರು ದೂರದಿಂದಲೇ ನೋಡಿ, "ಅಕ್ಕಂಗೆ ಜಾಗ ಬಿಡ್ರೋ" ಎಂದು ಹುಡುಗರನ್ನು ಎಬ್ಬಿಸುತ್ತಿದ್ದರು. ಡೀಸೆಲ್ ಬೆಲೆ ಏರಿತು, ನಷ್ಟ ಬೆಳೆಯಿತು, 2020ರ ಫೆಬ್ರುವರಿಯಲ್ಲಿ ಬಸ್ಸುಗಳು ನಿಂತವು. ಬೆನ್ನಿಗೇ ಕೊರೊನಾ. ಆಮೇಲೆ ಓಡಾಡುತ್ತಿರುವುದು ಹೆಚ್ಚಾಗಿ ಖಾಸಗಿ ಬಸ್ಸು. 2023ರ ಜೂನಿನಿಂದ ನನ್ನ ತಂಗಿ ಸರ್ಕಾರಿ ಬಸ್ಸಿನಲ್ಲಿ ಬಿಟ್ಟಿಯಾಗಿ ಊರೆಲ್ಲ ಸುತ್ತುತ್ತಾಳೆ. ನಮ್ಮ ದಾರಿಯಲ್ಲಿ ಆ ಬಸ್ಸೇ ಅಪರೂಪ, ಇನ್ನು ಬಿಟ್ಟಿ ಎಲ್ಲಿಂದ ಬಂತು!

ಇರಲಿ. ಕಾರ್ತಿಕದಲ್ಲಿ ಮಳೆ ಬಿಟ್ಟ ಮೇಲೆ ಚಿಕ್ಕವನಿಗೆ ಅಕ್ಷರಾಭ್ಯಾಸ ಮಾಡಿಸಲು ಶೃಂಗೇರಿಗೆ ಹೊರಟೆವು. ನೀವೂ ಮಕ್ಕಳನ್ನು ಕರೆದುಕೊಂಡು ಹೋಗುವವರಾದರೆ ದಸರೆಯ ಜನಜಂಗುಳಿ ತಪ್ಪಿಸಿ. ತಿರುವುಗಳ ದಾರಿ, ಹೊಟ್ಟೆ ತುಂಬಾ ತಿನ್ನಿಸಬೇಡಿ, ಒಂದು ನಿಂಬೆಹಣ್ಣು ಕೈಲಿರಲಿ. ಶಾರದೆಯ ಸನ್ನಿಧಿಯಲ್ಲಿ ತಟ್ಟೆಯ ಅಕ್ಕಿಯ ಮೇಲೆ ಬೆರಳು ಹಿಡಿದು ಬರೆಸಿದರೆ, ನಮ್ಮ ಮಹರಾಯ ಒಂದು ಹಿಡಿ ಅಕ್ಕಿ ಬಾಯಿಗೇ ಹಾಕಿಕೊಂಡ. ವಿದ್ಯಾಶಂಕರ ದೇವಸ್ಥಾನದ ಹನ್ನೆರಡು ರಾಶಿಕಂಬಗಳಲ್ಲಿ ಪುಟ್ಟಿ ತನ್ನ ರಾಶಿ ಹುಡುಕಿದಳು. ಸೂರ್ಯನ ಬಿಸಿಲು ತಿಂಗಳಿಗೊಂದರಂತೆ ಆಯಾ ರಾಶಿಯ ಕಂಬದ ಮೇಲೆ ಬೀಳುತ್ತದಂತೆ. "ಮಳೆಗಾಲದ ಕಂಬಗಳಿಗೆ ಬಿಸಿಲೇ ಇಲ್ವಲ್ಲ, ಪಾಪ" ಎಂದಳು. ಬಟ್ಟೆ ಒಣಗಿಸುವ ಮನೆಯ ಮಗು, ಇನ್ನೇನು ಹೇಳೀತು!

ತುಂಗೆಯ ಮೆಟ್ಟಿಲಲ್ಲಿ ಮೀನಿಗೆ ಪುರಿ ಹಾಕಿ, ಕಪ್ಪೆ ಶಂಕರನ ಹತ್ತಿರ ನಿಂತೆವು. ನೀರು ಏರಿದಾಗ ಮುಳುಗಿಯೇ ಹೋಗುವ ಜಾಗ ಅದು. ಸುಡುಬಿಸಿಲಿನಲ್ಲಿ ಹೆರುತ್ತಿದ್ದ ಕಪ್ಪೆಗೆ ನಾಗರಹಾವು ಹೆಡೆಯೆತ್ತಿ ನೆರಳು ಕೊಟ್ಟದ್ದನ್ನು ಕಂಡು ಶಂಕರಾಚಾರ್ಯರು ಇಲ್ಲೇ ಪೀಠ ಸ್ಥಾಪಿಸಿದರೆಂಬ ಕಥೆ ನಿಮಗೆ ಗೊತ್ತೇ ಇದೆ. ಅದನ್ನು ಮಕ್ಕಳಿಗೆ ಹೇಳಿದೆ.

"ಆಮೇಲೆ ಕಪ್ಪೆ ಏನು ಮಾಡ್ತು?" ಪುಟ್ಟಿ ಕೇಳಿದಳು.

"ಮರಿಗಳನ್ನು ನೋಡಿಕೊಂಡು ಇಲ್ಲೇ ಇತ್ತು."

"ಅಜ್ಜಿ ಮನೆಗೆ ಕಳಿಸ್ಲಿಲ್ವಾ?"

ನಾನು ನಮ್ಮವರ ಮುಖ ನೋಡಿದೆ, ಅವರು ಹೊಳೆ ನೋಡುತ್ತಿದ್ದರು. ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಮಾತಾಡಿದ ಫೋನುಗಳನ್ನೆಲ್ಲ ಈ ಮಗು ಕೇಳಿಸಿಕೊಂಡಿದೆ! ಅಳಲಿಲ್ಲ, ಹಟ ಮಾಡಲಿಲ್ಲ. ಉಳಿದ ಪುರಿಯನ್ನು ತಮ್ಮನ ಕೈಗೆ ಹಾಕಿ, "ದೊಡ್ಡ ಮೀನಿಗೆ ಹಾಕೋ" ಎಂದು ತೋರಿಸಿಕೊಡುತ್ತಿದ್ದಳು.

ಭೋಜನಶಾಲೆಯ ಊಟ ಮುಗಿಸಿ ಬಸ್ಸು ಹತ್ತಿದೆವು. ಚಿಕ್ಕವನು ನನ್ನ ತೊಡೆಯ ಮೇಲೆ, ಪುಟ್ಟಿ ಅಪ್ಪನ ಭುಜಕ್ಕೆ ಒರಗಿ ನಿದ್ದೆ ಹೋದರು. "ನಮ್ಮೂರ ಶಾಲೇಲೇ ಸೇರಿಸೋಣ. ಐದನೇ ಕ್ಲಾಸಿನ ಮಟ್ಟಿಗಾದರೂ. ಬೆಳಿಗ್ಗೆ ಬೈಕಿನಲ್ಲಿ ನಾನು ಬಿಡ್ತೀನಿ" ಎಂದರು ನಮ್ಮವರು. "ಸಂಜೆ?" ಎಂದೆ. "ಸಂಜೆಗೆ ನೀನು ಸ್ಕೂಟರು ಕಲಿ" ಎಂದರು.

ಮೂವತ್ತರ ಮೇಲೆ, ಈ ಏರು ಇಳಿಜಾರಿನಲ್ಲಿ! ನಗಬೇಡಿ, ಕಲಿಯುತ್ತಿದ್ದೇನೆ. ಅಂಗಳದಲ್ಲಿ ಎಂಟು ಸುತ್ತು ಬರುತ್ತೇನೆ, ಅತ್ತೆ ಜಗುಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಾ "ಬ್ರೇಕ್, ಬ್ರೇಕ್" ಎನ್ನುತ್ತಾರೆ. ದಣಪೆ ದಾಟಿ ರಸ್ತೆಗೆ ಹೋಗಿದ್ದು ಎರಡೇ ಸಲ. ಅಮ್ಮನಿಗೆ ಮಾತ್ರ ಇನ್ನೂ ಹೇಳಿಲ್ಲ. ಈ ಭಾನುವಾರ ಫೋನು ಮಾಡಬೇಕು.