ಸಾಧು ಗಂಟಿನ ಸಂಚಾರ

‘ಗಂಟು ಸಾಧುವಾದದ್ದು’ ಎಂಬ ಮಾತಿಗೂ ‘ಪುಪ್ಪುಸಕ್ಕೆ ಹಬ್ಬಿದೆ’ ಎಂಬ ಮಾತಿಗೂ ಎಣ್ಣೆ-ಸೀಗೆಕಾಯಿಯ ಸಂಬಂಧವೆಂದೇ ಲೋಕ ತಿಳಿದಿದೆ. ಹಬ್ಬುವುದು ಕ್ಯಾನ್ಸರಿನ ಗುಣ. ಸಾಧು ಗಂಟು ಹುಟ್ಟಿದಲ್ಲಿಯೇ ಇರತಕ್ಕದ್ದು. ಈ ನಿಯಮಕ್ಕೂ ಅಪವಾದವುಂಟೆಂಬುದನ್ನು ನಾನು ಅರಿತದ್ದು ಗಬ್ಬೂರಿನ ನಮ್ಮ ಚಿಕ್ಕವ್ವನ ಕಾಯಿಲೆಯಿಂದ.

ಒಣಕೆಮ್ಮು ತಿಂಗಳಾದರೂ ಬಿಡದಿರಲು ಆಕೆಯನ್ನು ಹುಬ್ಬಳ್ಳಿಯ ಪೇಟೆಗೆ ಕರೆದೊಯ್ದು ಎದೆಯ ಸ್ಕ್ಯಾನ್ ಮಾಡಿಸಿದೆವು. ಎರಡೂ ಪುಪ್ಪುಸಗಳಲ್ಲಿ ಕಡಲೆಕಾಳಿನಂಥ ದುಂಡನೆಯ ಗಂಟುಗಳು! ಕಫದಲ್ಲಿ ಕ್ಷಯದ ಕುರುಹು ದೊರೆಯಲಿಲ್ಲ. ಉಳಿದದ್ದು ಕ್ಯಾನ್ಸರಿನ ಭೀತಿ. ಮನೆಯಲ್ಲಿ ಯಾರೂ ಆ ಹೆಸರೆತ್ತಲಿಲ್ಲ. ಚಿಕ್ಕವ್ವ ಮಾತ್ರ ತನ್ನ ಬಂಗಾರದ ಸರ ಯಾವ ಸೊಸೆಗೆ ಸೇರಬೇಕೆಂಬುದನ್ನು ಹೇಳಿಟ್ಟಳು.

ಹಿಂದೆ ಆಪರೇಷನ್ ಆಗಿದೆಯೇ ಎಂದು ವೈದ್ಯರು ಕೇಳಿದಾಗ, ಮಗನಂತಿರುವ ನನ್ನೆದುರು ಆಕೆ ಬಾಯಿ ಬಿಡಲಿಲ್ಲ. ನಾನು ಹೊರಗೆ ಬಂದ ಮೇಲೆ ಹೇಳಿದಳಂತೆ: “ಹನ್ನೆರಡ ವರ್ಷದ ಹಿಂದ ಗರ್ಭಚೀಲ ತಗಿಸೇನ್ರೀ. ಅದರಾಗ ಗಂಟು ಇದ್ದೂ.”

ಆ ಒಂದು ಮಾತು ದಾರಿ ತೋರಿತು. ಪುಪ್ಪುಸದ ಗಂಟಿನಿಂದ ಸೂಜಿಯಲ್ಲಿ ತೆಗೆದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದು ಗರ್ಭಾಶಯದ ನಾರುಗಂಟಿನ ಸ್ನಾಯುಕೋಶಗಳೇ. ಅವುಗಳಲ್ಲಿ ವಿಕಾರವಾಗಲಿ ಅತಿಯಾದ ವಿಭಜನೆಯಾಗಲಿ ಇರಲಿಲ್ಲ. ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ಸ್ತ್ರೀ ಹಾರ್ಮೋನುಗಳ ಗ್ರಾಹಕಗಳಿದ್ದವು. ಹಳೆಯ ಗಂಟಿನ ವರದಿಯನ್ನು ಹುಡುಕಿ ತಂದು ಹೋಲಿಸಿದ ಮೇಲೆಯೇ ಕ್ಯಾನ್ಸರ್ ಅಲ್ಲವೆಂಬುದು ನಿಶ್ಚಯವಾಯಿತು. ಸ್ಟೈನರ್ ಎಂಬ ವೈದ್ಯರು 1939ರಲ್ಲಿಯೇ ವರ್ಣಿಸಿದ ಈ ವಿರಳ ವ್ಯಾಧಿ ಸಾಮಾನ್ಯವಾಗಿ ಗರ್ಭಾಶಯದ ಶಸ್ತ್ರಕ್ರಿಯೆಯಾಗಿ ಎಷ್ಟೋ ವರ್ಷಗಳ ತರುವಾಯ ತಲೆದೋರುತ್ತದೆ. ಕೋಶಗಳು ರಕ್ತನಾಳದ ಹಾದಿ ಹಿಡಿದು ಪುಪ್ಪುಸ ಸೇರುತ್ತವೆಂದು ಅನೇಕ ತಜ್ಞರ ಅಭಿಪ್ರಾಯ.

ಚಿಕಿತ್ಸೆಯ ಮರ್ಮವಿರುವುದು ಹಾರ್ಮೋನಿನಲ್ಲಿ. ತೆಗೆಯಬಹುದಾದ ಗಂಟನ್ನು ಶಸ್ತ್ರದಿಂದ ತೆಗೆಯುವರು; ಇಲ್ಲವೆ ಅಂಡಾಶಯಗಳನ್ನು ತೆಗೆದೋ ಔಷಧ ಕೊಟ್ಟೋ ಈಸ್ಟ್ರೋಜನ್ನನ್ನು ತಗ್ಗಿಸುವರು. ಮುಟ್ಟು ನಿಲ್ಲುವ ವಯಸ್ಸಿನವರಲ್ಲಿ ಗಂಟುಗಳು ತಾವಾಗಿಯೇ ಕುಗ್ಗುವುದೂ ಉಂಟಾದ್ದರಿಂದ ಕೆಲವೊಮ್ಮೆ ಕಾದು ನೋಡುವುದೇ ಮದ್ದು. ಚಿಕ್ಕವ್ವನಿಗೆ ಔಷಧ ಸಾಕಾಯಿತು. ಗಂಟುಗಳು ಪೂರ್ತಿ ಕರಗಿಲ್ಲ, ಬೆಳೆದೂ ಇಲ್ಲ. ಕಾಲಕಾಲಕ್ಕೆ ಸ್ಕ್ಯಾನ್ ಮಾತ್ರ ತಪ್ಪಿಲ್ಲ.

ಗರ್ಭಾಶಯದ ಆಪರೇಷನ್ ನಾಚಿಕೆಯಿಂದ ಮುಚ್ಚಿಡುವ ಸಂಗತಿಯಲ್ಲ. ನಮ್ಮ ಸೋದರಿಯರು ಅದರ ಕಾಗದಗಳನ್ನು ಹೊಲದ ಉತಾರದಂತೆ ಜೋಪಾನವಾಗಿಡಲಿ. ಕೆಮ್ಮಿಗೆ ಮದ್ದು ಕೇಳಹೋದಾಗಲೂ ವೈದ್ಯರಿಗೆ ಆ ಮಾತನ್ನು ತಿಳಿಸಲಿ.